ಅಗ್ಗ ಯಾಕೆಂದು ಬರೆದುಕೊಡಿ: ಕರಾವಳಿ ಮಹಾನಗರಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಕಡಲತೀರದ ಮಹಾನಗರಗಳ ಮೇಯರ್‌ಗಳಿಗೆ, ಪಾಲಿಕೆ ಆಯುಕ್ತರಿಗೆ, ನಗರ ಯೋಜನಾ ಪ್ರಾಧಿಕಾರಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

“ಮೇಲೆ ಬರುತ್ತಿರುವ ಏರಿಯಾ” ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಮನೆ ತೋರಿಸಲು ಬಂದ ದಲ್ಲಾಳಿಯ ಬಾಯಲ್ಲಿ. ಆಮೇಲೆ ಅದನ್ನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೇಳಿದೆ, ಕಟ್ಟಡಗಳ ಜಾಹೀರಾತು ಫಲಕಗಳಲ್ಲಿ ಓದಿದೆ, ಕೊನೆಗೆ ಪಾಲಿಕೆ ಹೊರತಂದ ಅಭಿವೃದ್ಧಿ ಯೋಜನೆಯ ಪುಸ್ತಿಕೆಯಲ್ಲೂ ಅದೇ ಅರ್ಥದ ಸಾಲನ್ನು ಕಂಡೆ. 14 ವರ್ಷಗಳಲ್ಲಿ ಒಂದೇ ನಗರದ ಇಂಥ ಮೂರು ಬಡಾವಣೆಗಳಲ್ಲಿ ಬಾಡಿಗೆಗೆ ಇದ್ದು, ಮೂರನ್ನೂ ಬಿಟ್ಟು, ಈಗ ನಾಲ್ಕನೆಯದನ್ನು ಹುಡುಕುತ್ತಿರುವ ನನಗೆ ಆ ಮಾತಿನ ಮೇಲೆ ಒಂದೇ ತಕರಾರಿದೆ. ಬಡಾವಣೆ ಮೇಲೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಷ್ಟು ದಿನ ಅದು ಯಾಕೆ ಕೆಳಗಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆ ಹೇಳಲು ಬೇಕಾದ ದಾಖಲೆ ಮತ್ತು ಅಧಿಕಾರ ಎರಡೂ ಒಟ್ಟಿಗೆ ಇರುವುದು ತಮ್ಮಲ್ಲಿ ಮಾತ್ರ. ನನ್ನ ನಗರದ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಬರೆದರೆ ಉಳಿದ ನಗರಗಳವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಾರು, ನನ್ನ ನಗರದವರು ಒಂದು ಸಮಿತಿ ನೇಮಿಸಿ ಸುಮ್ಮನಾದಾರು.

ಮೊದಲ ಮನೆಯ ವಿಷಯದಿಂದ ಪ್ರಾರಂಭಿಸುತ್ತೇನೆ, ಯಾಕೆಂದರೆ ಹೇಳಬೇಕಾದದ್ದರಲ್ಲಿ ಬಹುಪಾಲು ಅಲ್ಲಿಯೇ ಇದೆ. ಅದು ಹಿನ್ನೀರಿನ ಕಾಲುವೆಯೊಂದರಿಂದ ನಾಲ್ಕು ಬೀದಿ ಒಳಗಿದ್ದ, ಹೊಸದಾಗಿ ಸುಣ್ಣಬಣ್ಣ ಕಂಡ ಮೂರು ಅಂತಸ್ತಿನ ಕಟ್ಟಡದ ನೆಲಮಹಡಿಯ ಮನೆ. ನಗರದ ನಡುಭಾಗದ ಬಾಡಿಗೆಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆಗೆ ಸಿಕ್ಕಿತೆಂದು ನಾನು ಹಿಗ್ಗಿದ್ದೆ. ಸಾಮಾನು ಇಳಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಮೆಟ್ಟಿಲ ಬಳಿಯ ವಿದ್ಯುತ್ ಮೀಟರ್ ಬೋರ್ಡು ನನ್ನ ತಲೆಗಿಂತ ಎತ್ತರದಲ್ಲಿತ್ತು, ಅದರ ಕೆಳಗೆ, ಎದೆಯ ಮಟ್ಟದಲ್ಲಿ, ಹಳೆಯ ಬೋರ್ಡನ್ನು ಕಿತ್ತು ಸಿಮೆಂಟು ಮೆತ್ತಿದ ಚೌಕಾಕಾರದ ಗುರುತಿತ್ತು. ಅದನ್ನು ಯಾಕೆ ಮೇಲಕ್ಕೆ ಏರಿಸಿದರು ಎಂದು ಕೇಳಿದಾಗ ಮಾಲೀಕರು, ಮಕ್ಕಳ ಕೈಗೆ ಸಿಗಬಾರದೆಂದು, ಎಂದರು. ಎದುರು ಮನೆಯ ಅಜ್ಜಿ ಮಾತ್ರ ಏನೂ ಹೇಳದೆ ತಮ್ಮ ಬಾಗಿಲ ಹಿಂದೆ ತೂಗುಹಾಕಿದ್ದ ಉಬ್ಬರವಿಳಿತದ ವೇಳಾಪಟ್ಟಿಯನ್ನು ತೋರಿಸಿದರು. ಅವರ ಮನೆಯ ಫ್ರಿಜ್ಜು ಮೂರು ವರಸೆ ಇಟ್ಟಿಗೆಯ ಮೇಲೆ ನಿಂತಿತ್ತು. ಮಂಚದ ಕಾಲುಗಳ ಕೆಳಗೂ ಇಟ್ಟಿಗೆಯಿತ್ತು. ಅದರ ಅರ್ಥ ನನಗೆ ತಿಳಿದದ್ದು ಏಳು ತಿಂಗಳ ನಂತರ, ಬೆಳಗಿನ ಜಾವ ಮೂರು ಗಂಟೆಗೆ, ಸ್ನಾನದ ಮನೆಯ ಜಾಲರಿಯಿಂದ ನೀರು ಮೇಲಕ್ಕೆ ಉಕ್ಕತೊಡಗಿದಾಗ.

ಗಮನಿಸಿ, ನೀರು ಬಾಗಿಲಿನಿಂದ ಬರಲಿಲ್ಲ, ಚರಂಡಿಯಿಂದ ಬಂತು. ಕಡಲತೀರದ ನಗರಗಳಲ್ಲಿ ಮಳೆನೀರಿನ ಕಾಲುವೆಗಳು ಕೊನೆಗೆ ಸಮುದ್ರಕ್ಕೋ ಅಳಿವೆಗೋ ಬಾಯಿ ತೆರೆಯುತ್ತವೆ. ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಆ ಬಾಯಿಗಿಂತ ಮೇಲೇರಿದರೆ ಮಳೆನೀರಿಗೆ ಹೊರಹೋಗಲು ದಾರಿಯಿಲ್ಲ. ಬಾಯಿಗೆ ಬಾಗಿಲಿದ್ದರೆ ಅದನ್ನು ಮುಚ್ಚಬೇಕು, ಬಾಗಿಲಿಲ್ಲದಿದ್ದರೆ ಸಮುದ್ರವೇ ಕಾಲುವೆಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಎರಡೂ ಸಂದರ್ಭಗಳಲ್ಲಿ ನೀರು ನಗರದ ಅತಿ ತಗ್ಗಿನ ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಮೇಲಕ್ಕೆ ಬರುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಬ್ಬರವೂ ಅದರೊಂದಿಗೆ ಕೂಡಿಕೊಂಡಿತ್ತು. ಅಷ್ಟು ಮಳೆಯನ್ನು ಯಾವ ಕಾಲುವೆಯೂ ತಡೆದುಕೊಳ್ಳಲಾರದು, ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ಅಂಥ ಅಪರೂಪದ ದಿನಗಳ ಮಾತಲ್ಲ. ಸಾಧಾರಣ ಮಳೆ ಮತ್ತು ಅಮಾವಾಸ್ಯೆಯ ಉಬ್ಬರ ಒಂದೇ ತಾಸಿಗೆ ಬಿದ್ದರೆ ಸಾಕು, ವರ್ಷಕ್ಕೆ ಮೂರು ನಾಲ್ಕು ಸಲ ಒದ್ದೆಯಾಗುವ ಬೀದಿಗಳಿವೆ. ಅವು ಯಾವುವೆಂದು ಅಲ್ಲಿನ ಅಜ್ಜಿಯಂದಿರಿಗೆ ಗೊತ್ತಿದೆ, ವಾರ್ಡ್ ಎಂಜಿನಿಯರಿಗೆ ಗೊತ್ತಿದೆ, ಮನೆ ಮಾಲೀಕರಿಗಂತೂ ಗೊತ್ತೇ ಇದೆ. ಗೊತ್ತಿಲ್ಲದಿರುವುದು ಹೊಸದಾಗಿ ಬಂದು ಕರಾರಿಗೆ ಸಹಿ ಹಾಕುವವನಿಗೆ ಮಾತ್ರ.

ಈ ಅಜ್ಞಾನ ತಾನಾಗಿ ಹುಟ್ಟಿದ್ದಲ್ಲ. ಕಡಲ ನಗರಗಳಲ್ಲಿ ಜಾಗದ ಬೆಲೆ ಕಡಿಮೆಯಿದ್ದರೆ ಅದರ ಹಿಂದೆ ಬಹುಮಟ್ಟಿಗೆ ಒಂದು ಭೂಗೋಳವಿರುತ್ತದೆ: ಹಿಂದೆ ಜೌಗಾಗಿದ್ದ ನೆಲ, ಮಣ್ಣು ತುಂಬಿಸಿದ ಹಿನ್ನೀರು, ಉಪ್ಪಿನ ಗದ್ದೆ, ಹಳೆಯ ಕಸದ ಗುಡ್ಡೆ. ಚೆನ್ನೈನ ವೇಲಚೇರಿಯಲ್ಲಿ 2015ರ ಡಿಸೆಂಬರಿನಲ್ಲಿ ದಿನಗಟ್ಟಲೆ ನಿಂತ ನೀರು, ಪಳ್ಳಿಕರಣೈ ಜೌಗುಪ್ರದೇಶದ ಸುತ್ತ ದಶಕಗಳಿಂದ ನಡೆದ ನಿರ್ಮಾಣವನ್ನು ನೋಡಿದವರಿಗೆ ಒಗಟಾಗಿರಲಿಲ್ಲ. ತುಂಬಿಸಿದ ನೆಲಕ್ಕೆ ಇನ್ನೊಂದು ಗುಣವೂ ಇದೆ. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯ ನೆಲ ದ್ರವದಂತೆ ಸಡಿಲಗೊಂಡು ಮನೆಗಳು ವಾಲಿ ಕುಸಿದವು. 2011ರಲ್ಲಿ ಟೋಕಿಯೋ ಕೊಲ್ಲಿಯ ತೀರದ ಊರಾಯಾಸುವಿನಲ್ಲೂ ಹಾಗೆಯೇ ಆಯಿತು. ಎರಡೂ ಕಡೆ ಕಾಲಡಿ ಇದ್ದದ್ದು ಸಮುದ್ರವನ್ನು ಮುಚ್ಚಿ ಮಾಡಿದ ನೆಲ. ಅವು ಅಗ್ಗದ ಬಡಾವಣೆಗಳಾಗಿರಲಿಲ್ಲವೆಂಬುದು ನಿಜ. ಹಣವಂತರಿಗೇ ನೆಲದ ಚರಿತ್ರೆ ತಿಳಿಯದೆ ಹೋದರೆ ಮೊದಲ ಸಂಬಳದಲ್ಲಿ ಮುಂಗಡ ಕಟ್ಟುವವರ ಪಾಡೇನು ಎಂಬುದು ನನ್ನ ಪ್ರಶ್ನೆ.

ನೆಲ ತಗ್ಗಾಗಿರುವುದು ಪ್ರಕೃತಿಯ ಕೆಲಸ, ಅದಕ್ಕೆ ಆಡಳಿತವೇನು ಮಾಡೀತು ಎಂದು ತಾವು ಕೇಳಬಹುದು. ಜಕಾರ್ತಾದ ಉತ್ತರ ಭಾಗವನ್ನು ನೋಡಿ. ಕೊಳಾಯಿ ನೀರು ಎಲ್ಲರ ಮನೆಗೂ ತಲುಪದ ಕಾರಣ ಜನರೂ ಕಾರ್ಖಾನೆಗಳೂ ಕೊಳವೆಬಾವಿ ತೋಡಿ ನೀರೆತ್ತಿದರು; ನೀರು ಖಾಲಿಯಾದ ಪದರಗಳು ಒತ್ತಡಕ್ಕೆ ಕುಗ್ಗಿ ನೆಲ ವರ್ಷಕ್ಕೆ ಸೆಂಟಿಮೀಟರುಗಳ ಲೆಕ್ಕದಲ್ಲಿ ಕುಸಿಯುತ್ತ ಹೋಯಿತು. ಮುವಾರಾ ಬಾರು ಎಂಬಲ್ಲಿ ಕಡಲಗೋಡೆಯ ಆಚೆ ಉಳಿದುಹೋದ ಒಂದು ಮಸೀದಿ ಈಗ ನೀರಿನಲ್ಲಿ ನಿಂತಿದೆ. ಅದೇ ಸಂಕಟ ಟೋಕಿಯೋದ ಪೂರ್ವದ ತಗ್ಗು ಪ್ರದೇಶಗಳಿಗೂ ಬಂದಿತ್ತು. ಕೋಟೋ ವಾರ್ಡಿನಲ್ಲಿ ನೆಲ ಒಟ್ಟು 4 ಮೀಟರಿಗೂ ಹೆಚ್ಚು ಇಳಿದಿತ್ತು. ಅಲ್ಲಿನ ಸರಕಾರ 1950ರ ದಶಕದಿಂದ 1970ರ ದಶಕದವರೆಗೆ ಕಾನೂನಿನ ಮೇಲೆ ಕಾನೂನು ತಂದು ಅಂತರ್ಜಲ ಎತ್ತುವುದನ್ನು ಬಿಗಿಗೊಳಿಸಿತು, ಕುಸಿತ ಹೆಚ್ಚುಕಡಿಮೆ ನಿಂತಿತು. ಇಳಿದ ನೆಲವೇನೂ ಮೇಲೇರಲಿಲ್ಲ. ಗೋಡೆ, ಬಾಗಿಲು, ಪಂಪುಗಳ ಆಶ್ರಯದಲ್ಲಿ ಅಲ್ಲಿ ಜನ ಇಂದಿಗೂ ಬಾಳುತ್ತಿದ್ದಾರೆ. ನೀರಿನ ಕೊಳವೆ ಯಾವ ಬಡಾವಣೆಗೆ ಮೊದಲು ಹೋಗಬೇಕು ಎಂಬ ತಮ್ಮ ಕಚೇರಿಯ ತೀರ್ಮಾನವೇ ಮೂವತ್ತು ವರ್ಷಗಳ ನಂತರ ಯಾವ ಬಡಾವಣೆ ಸಮುದ್ರಕ್ಕಿಂತ ಕೆಳಗಿರುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದು ಏನು? ಮನೆಯನ್ನು ಮಾರುವವರೂ ಬಾಡಿಗೆಗೆ ಕೊಡುವವರೂ, ಸಹಿ ಬೀಳುವ ಮುನ್ನ, ಆ ನೆಲದ ನೀರಿನ ಚರಿತ್ರೆಯನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮ. ಇದು ನನ್ನ ಕಲ್ಪನೆಯಲ್ಲ. ಫ್ರಾನ್ಸಿನಲ್ಲಿ 2006ರಿಂದ, ಅಪಾಯವಿದೆಯೆಂದು ಗುರುತಿಸಿದ ಪ್ರದೇಶಗಳಲ್ಲಿ, ಕೊಳ್ಳುವವರಿಗೂ ಬಾಡಿಗೆದಾರರಿಗೂ ಅಪಾಯಗಳ ವಿವರಪತ್ರವನ್ನು ಕೊಡಬೇಕು. ಜಪಾನಿನಲ್ಲಿ 2020ರ ಆಗಸ್ಟ್‌ನಿಂದ, ಮನೆ ಎಲ್ಲಿದೆ ಎಂಬುದನ್ನು ದಲ್ಲಾಳಿಯೇ ಪ್ರವಾಹದ ನಕಾಶೆಯ ಮೇಲೆ ತೋರಿಸಿ ವಿವರಿಸಬೇಕು. ಅಮೆರಿಕದ ಟೆಕ್ಸಸ್ ರಾಜ್ಯ 2017ರ ಹಾರ್ವಿ ಚಂಡಮಾರುತದ ನಂತರ, 2019ರಲ್ಲಿ ಮಾರಾಟಗಾರರಿಗೂ 2022ರಿಂದ ಬಾಡಿಗೆ ಕೊಡುವವರಿಗೂ ಇಂಥ ಹೊಣೆ ಹೊರಿಸಿತು. ನ್ಯೂಯಾರ್ಕ್ ರಾಜ್ಯದ ಕಥೆ ಸ್ವಲ್ಪ ವಿನೋದದ್ದು: ಅಲ್ಲಿ ಮನೆಯ ಸ್ಥಿತಿಗತಿ ತಿಳಿಸಬೇಕೆಂಬ ಕಾನೂನು ಮೊದಲಿನಿಂದಲೂ ಇತ್ತು, ಆದರೆ ಕೊಳ್ಳುವವರಿಗೆ 500 ಡಾಲರ್ ಬಿಟ್ಟುಕೊಟ್ಟರೆ ಮಾರುವವರು ಏನೂ ಹೇಳದೆ ಇರಬಹುದಿತ್ತು. ಆ ಕಳ್ಳಗಿಂಡಿಯನ್ನು ಮುಚ್ಚಿದ ಕಾನೂನು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಬಾಡಿಗೆದಾರರಿಗೆ ತಿಳಿಸಬೇಕೆಂಬ ನಿಯಮ ಅದಕ್ಕೂ ಮೊದಲೇ, 2023ರಲ್ಲಿ, ಬಂದಿತ್ತು. ಸಮುದ್ರವನ್ನೇ ನಂಬಿ ಮನೆ ಮಾರುವ ಫ್ಲಾರಿಡಾ ಕೂಡ 2024ರ ಅಕ್ಟೋಬರಿನಿಂದ ಮಾರಾಟಗಾರರ ಬಾಯಿ ಬಿಡಿಸುತ್ತಿದೆ. ಇವುಗಳಿಂದ ಅಲ್ಲೆಲ್ಲ ಮನೆ ವ್ಯವಹಾರವೇನೂ ನಿಂತುಹೋಗಿಲ್ಲ.

ಬಾಡಿಗೆದಾರರ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೊಳ್ಳುವವರಿಗೆ ವಕೀಲರಿರುತ್ತಾರೆ, ಬ್ಯಾಂಕಿನ ಪರಿಶೀಲಕರಿರುತ್ತಾರೆ, ವಿಮೆಯ ಪ್ರಶ್ನಾವಳಿಯಿರುತ್ತದೆ. ಬಾಡಿಗೆದಾರನಿಗೆ ಇರುವುದು ಒಂದು ಭಾನುವಾರದ ಮಧ್ಯಾಹ್ನ ಮತ್ತು ‘ಇನ್ನೊಬ್ಬರು ಸಂಜೆ ಬರುತ್ತಿದ್ದಾರೆ’ ಎಂಬ ದಲ್ಲಾಳಿಯ ಅವಸರ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಶೇಷವೊಂದು ನ್ಯೂಯಾರ್ಕ್ ನಗರದ ಮೇಲೆ ಸುರಿದಾಗ ಅಲ್ಲಿ 13 ಮಂದಿ ಸತ್ತರು, ಅವರಲ್ಲಿ 11 ಮಂದಿ ಸತ್ತದ್ದು ನೆಲಮಾಳಿಗೆಯ ಮನೆಗಳಲ್ಲಿ. ಕಡಲಂಚಿಗಿಂತ ಒಳಗಿದ್ದ, ಕ್ವೀನ್ಸ್‌ನಂಥ ಭಾಗಗಳ ಕಡಿಮೆ ಬಾಡಿಗೆಯ ಮನೆಗಳು ಅವು. ಸಮುದ್ರ ಕಣ್ಣಿಗೆ ಕಾಣದಷ್ಟು ದೂರವಿದ್ದರೆ ಕ್ಷೇಮ ಎಂಬ ನಂಬಿಕೆಯನ್ನು ಆ ರಾತ್ರಿ ಅಳಿಸಿಹಾಕಿತು. ಅಂಥ ಮನೆಗಳನ್ನು ಒಮ್ಮೆಗೇ ಮುಚ್ಚಿಸಿಬಿಡಿ ಎಂದು ನಾನು ಹೇಳುವುದಿಲ್ಲ, ಮುಚ್ಚಿಸಿದರೆ ಅಲ್ಲಿರುವವರು ಇನ್ನೂ ಕೆಟ್ಟ ಮನೆಗೆ ಹೋಗುತ್ತಾರೆ. ಮಲಗುವ ಕೋಣೆಯಿಂದ ಹೊರಬರಲು ಎರಡನೆಯ ದಾರಿಯೊಂದು ಇರಲಿ, ನೀರು ಬಂದೀತೆಂಬ ಮಾತು ಕರಾರಿನಲ್ಲಿ ಬರೆದಿರಲಿ.

ಈ ಬೇಡಿಕೆಯ ವಿರುದ್ಧ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ನನ್ನ ಮಾಲೀಕರೇ ನನ್ನೆದುರು ಎತ್ತಿದ್ದರು. “ನೀರು ಬರುವ ಬೀದಿ ಎಂದು ಪಾಲಿಕೆಯೇ ಮುದ್ರೆ ಒತ್ತಿದರೆ ನನ್ನ ಮನೆಯ ಬೆಲೆ ಬೀಳುತ್ತದೆ. ನಾನೇನು ದೊಡ್ಡ ಕುಳವೇ? ನಿವೃತ್ತಿಯ ಹಣವೆಲ್ಲ ಈ ಗೋಡೆಯಲ್ಲೇ ಇದೆ,” ಎಂದರು ಅವರು. ಅವರು ಸುಳ್ಳು ಹೇಳಿರಲಿಲ್ಲ. ಇಂಥ ಬಡಾವಣೆಗಳ ಮಾಲೀಕರಲ್ಲಿ ಬಹಳಷ್ಟು ಮಂದಿ ಒಂದೇ ಮನೆಯವರು. ಬೇರೆಲ್ಲೂ ಜಾಗ ಕೊಳ್ಳಲಾಗದೆ ಅಲ್ಲಿ ಕೊಂಡವರು, ಕೊಳ್ಳುವಾಗ ಅವರಿಗೂ ಯಾರೂ ಏನೂ ಹೇಳಿರಲಿಲ್ಲ. ಬಹಿರಂಗಪಡಿಸುವ ಕಾನೂನೊಂದನ್ನೇ ತಂದು ಕೈತೊಳೆದುಕೊಂಡರೆ ನಷ್ಟವೆಲ್ಲ ಅವರ ತಲೆಗೆ ಬೀಳುತ್ತದೆ. ಆದ್ದರಿಂದ ಮುದ್ರೆ ಒತ್ತುವ ಕೈಗೇ ಸರಿಪಡಿಸುವ ಹೊಣೆಯೂ ಇರಬೇಕು: ಯಾವ ಬೀದಿಯನ್ನು ನೀರು ನಿಲ್ಲುವ ಬೀದಿಯೆಂದು ನಕಾಶೆಯಲ್ಲಿ ಗುರುತಿಸುತ್ತೀರೋ ಆ ಬೀದಿಗೆ ಕಾಲುವೆಯ ಬಾಗಿಲು, ಪಂಪು, ಮನೆಯ ಚರಂಡಿಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ, ಇವುಗಳಲ್ಲಿ ಯಾವುದು ಯಾವ ವರ್ಷ ಬರುತ್ತದೆ ಎಂಬುದನ್ನೂ ಅದೇ ನಕಾಶೆಯ ಅಂಚಿನಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಗುರುತನ್ನು ಅಳಿಸಿ. ಈಗಿರುವ ಸ್ಥಿತಿಯಲ್ಲಿ ಸುಳ್ಳು ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ಕೊನೆಗೆ ಅದು ಯಾರ ಕೈಯಲ್ಲಿ ಉಳಿಯುತ್ತದೋ ಅವರ ಮನೆಗೆ ನೀರು ನುಗ್ಗುತ್ತದೆ.

ಉಪ್ಪುಗಾಳಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕಡಲ ಗಾಳಿಯ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಗ್ಗಿ ಕಾಂಕ್ರೀಟು ಸಿಡಿಯುತ್ತದೆ, ಚಾವಣಿಯಿಂದ ಪ್ಲಾಸ್ಟರ್ ಚೂರುಗಳು ಊಟದ ತಟ್ಟೆಗೆ ಬೀಳುತ್ತವೆ. ಅಗ್ಗಕ್ಕೆ ಸಿಗುವ ಹಳೆಯ ಫ್ಲ್ಯಾಟುಗಳ ಬೆಲೆಯಲ್ಲಿ ಬಹಳ ಸಲ ಅಡಗಿರುವುದು ಮುಂದೂಡಿದ ಈ ದುರಸ್ತಿಯ ಬಾಕಿಯೇ. 2021ರ ಜೂನ್ 24ರಂದು ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರ ಕಟ್ಟಡವೊಂದು ನಡುರಾತ್ರಿ ಕುಸಿದು 98 ಮಂದಿ ಸತ್ತ ನಂತರವೇ ಆ ರಾಜ್ಯ ಹಳೆಯ ಎತ್ತರದ ಕಟ್ಟಡಗಳ ಕಡ್ಡಾಯ ಪರಿಶೀಲನೆಗೂ ದುರಸ್ತಿ ನಿಧಿಗೂ ಕಾನೂನು ಮಾಡಿತು. ಕಟ್ಟಡದ ಕೊನೆಯ ಪರಿಶೀಲನಾ ವರದಿಯನ್ನು ಮೆಟ್ಟಿಲ ಬಳಿ ಗೋಡೆಗೆ ಅಂಟಿಸಬೇಕೆಂಬ ನಿಯಮಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದ.

ಎರಡನೆಯ ಮನೆಯಲ್ಲಿ ನೀರಿನ ಕಾಟವಿರಲಿಲ್ಲ. ಅದು ನಗರದ ಅಂಚಿನಲ್ಲಿ, ರೈಲು ಹಳಿಯ ಕೊನೆಯಲ್ಲಿತ್ತು. ದಿನಕ್ಕೆ ನಾಲ್ಕು ತಾಸು ಪ್ರಯಾಣದಲ್ಲಿ ಕಳೆದ ಆ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಒಂದು ಲೆಕ್ಕವನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತೇನೆ. ಬಯಲು ಸೀಮೆಯ ನಗರ ಸುತ್ತಲೂ ಬೆಳೆಯಬಲ್ಲದು. ಕಡಲತೀರದ ನಗರಕ್ಕೆ ಅರ್ಧ ದಿಕ್ಕು ನೀರೇ. ಅಷ್ಟೇ ವಿಸ್ತೀರ್ಣವನ್ನು ಪೂರ್ಣ ವೃತ್ತದ ಬದಲು ಅರ್ಧ ವೃತ್ತದಲ್ಲಿ ಹಿಡಿಸಬೇಕಾದರೆ ಅಂಚಿನ ದೂರ ಸುಮಾರು 1.4 ಪಟ್ಟಾಗುತ್ತದೆ. ನಗರ ಕಿರಿದಾದ ಭೂಶಿರವೋ ದ್ವೀಪವೋ ಆಗಿದ್ದರೆ ಇನ್ನೂ ಹೆಚ್ಚು. ಬಾಡಿಗೆ ಸಂಬಳದ ಶೇಕಡ 30ನ್ನು ಮೀರಬಾರದು ಎಂಬ ರೂಢಿಯ ಅಳತೆಗೆ ಈ ದೂರ ಕಾಣುವುದೇ ಇಲ್ಲ. ಶಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಬಹಳ ಹಿಂದೆಯೇ ಮನೆಯ ಖರ್ಚು ಮತ್ತು ಓಡಾಟದ ಖರ್ಚು ಎರಡನ್ನೂ ಕೂಡಿಸಿ ಶೇಕಡ 45ರ ಮಿತಿ ಹಾಕಿತು. ಆ ಅಳತೆ ಹಿಡಿದರೆ ಅಗ್ಗವೆನಿಸಿದ ಎಷ್ಟೋ ಬಡಾವಣೆಗಳು ಪಟ್ಟಿಯಿಂದ ಜಾರುತ್ತವೆ. ‘ಕೈಗೆಟಕುವ ವಸತಿ’ ಎಂದು ತಾವು ಪ್ರಕಟಿಸುವ ಪಟ್ಟಿಯಲ್ಲಿ ಬಾಡಿಗೆಯ ಪಕ್ಕದಲ್ಲೇ ಕೆಲಸದ ಕೇಂದ್ರಕ್ಕೆ ತಗಲುವ ಸಮಯವನ್ನೂ ನಮೂದಿಸಿ. ಮಳೆಗಾಲದ ಸೋಮವಾರ ಬೆಳಿಗ್ಗೆ ತಗಲುವ ಸಮಯವೇ ಇರಲಿ. ಭಾನುವಾರ ಖಾಲಿ ರಸ್ತೆಯಲ್ಲಿ ಜಾಹೀರಾತಿನವರು ಅಳೆಯುವುದು ಬೇಡ.

ಮೂರನೆಯ ಮನೆಯನ್ನು ನಾನು ಬಿಟ್ಟದ್ದು ಆ ಬಡಾವಣೆ ನಿಜಕ್ಕೂ ಮೇಲೆ ಬಂದದ್ದರಿಂದ. ನಾನು ಹೋದಾಗ ಅದು ಹಳೆಯ ಗೋದಾಮುಗಳ, ಮುಚ್ಚಿದ ಕಾರ್ಖಾನೆಗಳ ನಡುವಿನ ಜಾಗ. ಮೆಟ್ರೋ ನಿಲ್ದಾಣ ಬರುತ್ತದೆಂಬ ಅಧಿಸೂಚನೆ ಹೊರಟಿತು. ಒಂದೇ ಒಂದು ಕಂಬ ಏಳುವುದಕ್ಕೆ ಮೊದಲೇ ನನ್ನ ಬಾಡಿಗೆ ಎರಡು ಸಲ ಏರಿತು. ಮೂರನೆಯ ಸಲ ಏರಿದಾಗ ನಿಲ್ದಾಣದ ಅಡಿಪಾಯದ ಗುಂಡಿಯನ್ನು ಅಗೆಯುತ್ತಿದ್ದರು. ಆ ನಿಲ್ದಾಣದಿಂದ ನಾನು ಒಂದು ಸಲವೂ ರೈಲು ಹತ್ತಲಿಲ್ಲ. ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು: ನಾನು ಅಲ್ಲಿಗೆ ಹೋದಾಗ ಕೊಟ್ಟ ಬಾಡಿಗೆ, ನನಗಿಂತ ಮೊದಲು ಅದೇ ಮನೆಯಲ್ಲಿದ್ದ ಕಾರ್ಖಾನೆ ಕೆಲಸಗಾರರ ಕುಟುಂಬ ಕೊಡುತ್ತಿದ್ದುದಕ್ಕಿಂತ ಹೆಚ್ಚಿತ್ತು. ಅವರನ್ನು ಎಬ್ಬಿಸಿದ ಅಲೆ ನಾನು, ನನ್ನನ್ನು ಎಬ್ಬಿಸಿದ ಅಲೆ ನನ್ನ ಹಿಂದೆ ಬಂದವರು. ಲಂಡನ್ನಿನ ಕಾರ್ಮಿಕರ ಕೇರಿಗಳಲ್ಲಿ ಈ ಸರಪಣಿಯನ್ನು ಕಂಡು 1964ರಲ್ಲಿ ಅದಕ್ಕೆ ‘ಜೆಂಟ್ರಿಫಿಕೇಶನ್’ ಎಂದು ಹೆಸರಿಟ್ಟ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, ಒಮ್ಮೆ ಶುರುವಾದರೆ ಮೂಲದ ನಿವಾಸಿಗಳೆಲ್ಲ ಇಲ್ಲವೇ ಅವರಲ್ಲಿ ಬಹುಪಾಲು ಮಂದಿ ಹೊರಹೋಗುವ ತನಕ ಅದು ವೇಗವಾಗಿ ಸಾಗುತ್ತದೆ ಎಂದು ಆಗಲೇ ಗುರುತಿಸಿದ್ದರು.

ಕಡಲ ನಗರಗಳಲ್ಲಿ ಇದಕ್ಕೊಂದು ವಿಚಿತ್ರ ತಿರುವಿದೆ. ಮಯಾಮಿಯಲ್ಲಿ ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆ ಕಡಲತೀರದ ಬಡಾವಣೆಗಳ ಬಾಗಿಲು ಮುಚ್ಚಿತ್ತು. ಅವರು ಒಳಗಡೆ, ರೈಲು ಹಳಿಯ ಆಸುಪಾಸಿನಲ್ಲಿ ನೆಲೆನಿಂತರು. ಮುಂದೆ ಹೈತಿಯಿಂದ ಬಂದವರೂ ಅಂಥದೇ ಒಂದು ಭಾಗದಲ್ಲಿ ಮನೆ ಹಿಡಿದದ್ದರಿಂದ ಅದಕ್ಕೆ ಲಿಟಲ್ ಹೈತಿ ಎಂದೇ ಹೆಸರಾಯಿತು. ಆ ಹಳಿಯನ್ನು ಹಾಕಿದ್ದು ಸುಣ್ಣಕಲ್ಲಿನ ದಿಣ್ಣೆಯ ಮೇಲೆ. ಈಗ ಸಮುದ್ರ ಏರತೊಡಗಿದ ಮೇಲೆ ಆ ದಿಣ್ಣೆಗೆ ಬೆಲೆ ಬಂದಿದೆ. ಅಲ್ಲಿನ ಎತ್ತರದ ಜಾಗಗಳ ಮನೆಬೆಲೆ ತಗ್ಗಿನ ಜಾಗಗಳಿಗಿಂತ ವೇಗವಾಗಿ ಏರಿದೆಯೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತೀರಕ್ಕೆ ಹೋಗಬೇಡಿ ಎಂದು ತಳ್ಳಿಸಿಕೊಂಡವರ ಮೊಮ್ಮಕ್ಕಳಿಗೆ ಈಗ, ಈ ಎತ್ತರ ನಿಮಗಲ್ಲ, ಎಂಬ ಮಾತು ಕೇಳಿಸುತ್ತಿದೆ.

ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನದು ಇನ್ನೊಂದು ಬಗೆ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ 1982ರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಸೊರಗಿದವು. 1991ರ ನಿಯಮದ ಪ್ರಕಾರ ಗಿರಣಿಯ ಜಮೀನಿನಲ್ಲಿ ಮೂರನೆಯ ಒಂದು ಭಾಗ ಬಯಲಿಗೆ, ಮೂರನೆಯ ಒಂದು ಭಾಗ ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಇಡೀ ಜಮೀನಿನ ಬದಲು ಕಟ್ಟಡವಿಲ್ಲದ ಖಾಲಿ ಭಾಗಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಿಯಮ ಪುಸ್ತಕದಲ್ಲಿ ಒಂದು ಪದ ಬದಲಾದದ್ದಕ್ಕೆ ಎಷ್ಟು ಸಾವಿರ ಮನೆಗಳ ಜಾಗ ಹೋಯಿತೆಂಬುದನ್ನು ಲೋವರ್ ಪರೇಲಿನ ಗಾಜಿನ ಗೋಪುರಗಳ ನೆರಳಿನಲ್ಲಿ ನಿಂತು ಊಹಿಸಬೇಕು. ನೈಜೀರಿಯಾದ ಲಾಗೋಸ್‌ನಲ್ಲಿ ಇಷ್ಟು ನಯವೂ ಇರಲಿಲ್ಲ. ಅಲ್ಲಿನ ಮಾರೋಕೋ ಎಂಬ ತೀರದ ಬಡಾವಣೆಯಿಂದ 1990ರ ಜುಲೈಯಲ್ಲಿ ಸುಮಾರು ಮೂರು ಲಕ್ಷ ಜನರನ್ನು ಹೊರಹಾಕಿದರು. ಸಮುದ್ರಮಟ್ಟಕ್ಕೆ ತೀರ ಸಮೀಪದ ತಗ್ಗು ಜಾಗ, ವಾಸಕ್ಕೆ ಯೋಗ್ಯವಲ್ಲ ಎಂಬುದು ಆಗ ಕೊಟ್ಟ ಕಾರಣಗಳಲ್ಲಿ ಒಂದು. ಮುಂದೆ ಅದೇ ಜಾಗದಲ್ಲಿ ಶ್ರೀಮಂತರ ಮನೆಗಳು ಎದ್ದವು. ನೀರಿನ ಅಪಾಯವೆಂಬ ಮಾತನ್ನು ಹೀಗೂ ಬಳಸಬಹುದಾದ್ದರಿಂದಲೇ, ನಾನು ಕೇಳುತ್ತಿರುವ ನಕಾಶೆ ಯಾರನ್ನೂ ಎಬ್ಬಿಸಲು ಆಧಾರವಾಗಬಾರದೆಂಬ ಷರತ್ತನ್ನು ಕಾನೂನಿನಲ್ಲೇ ಸೇರಿಸಬೇಕೆಂದು ಒತ್ತಾಯಿಸುತ್ತೇನೆ.

ಬೆಲೆ ಏರುವುದನ್ನು ತಡೆಯಿರಿ ಎಂದು ನಾನು ಕೇಳಲಾರೆ. ಹೆಚ್ಚು ಮನೆಗಳನ್ನು ಕಟ್ಟದೆ ಬಾಡಿಗೆ ಇಳಿಯದು ಎಂಬ ವಾದವನ್ನೂ ಒಪ್ಪುತ್ತೇನೆ. ಅಗ್ಗದ ಬಡಾವಣೆ ಅಗ್ಗವಾಗಿಯೇ ಉಳಿಯಲೆಂದು ಅಲ್ಲಿ ಚರಂಡಿ ಹಾಕದಿರುವುದು ಕ್ರೌರ್ಯ. ನನ್ನ ಮಾತು ದಿನಾಂಕಗಳ ಬಗ್ಗೆ. ನಿಲ್ದಾಣ, ಸೇತುವೆ, ಪ್ರವಾಹ ತಡೆ ಗೋಡೆ, ಕಡಲ ದಂಡೆಯ ಉದ್ಯಾನ, ಇವುಗಳಲ್ಲಿ ಯಾವುದರ ಅಧಿಸೂಚನೆ ಹೊರಟರೂ ಜಮೀನಿನ ಬೆಲೆ ಅಂದೇ ಏರುತ್ತದೆ. ಬಾಡಿಗೆದಾರರ ರಕ್ಷಣೆಯ ಮಾತು ಬರುವುದು ಅವರು ಊರು ಬಿಟ್ಟು ನಾಲ್ಕು ವರ್ಷವಾದ ಮೇಲೆ. ಇವೆರಡೂ ಒಂದೇ ಆದೇಶದಲ್ಲಿ, ಒಂದೇ ದಿನ ಹೊರಡಲಿ. ಅಧಿಸೂಚನೆಯ ದಿನ ಯಾರು ಎಲ್ಲಿ ವಾಸವಿದ್ದರು ಎಂಬುದನ್ನು ದಾಖಲಿಸಿ, ಕಾಮಗಾರಿ ಮುಗಿದು ಐದು ವರ್ಷ ತುಂಬುವ ತನಕ ಅವರ ಬಾಡಿಗೆ ಏರಿಕೆಗೊಂದು ಮಿತಿಯಿರಲಿ. ಆ ಮಿತಿಯಿಂದ ಮಾಲೀಕರಿಗೆ ಬರುವ ಕೊರತೆಯಲ್ಲಿ ಒಂದು ಪಾಲನ್ನು, ಏರಿದ ಜಮೀನಿನ ಬೆಲೆಯಿಂದ ಆಡಳಿತವೇ ಪಡೆದು ತುಂಬಿಕೊಡಲಿ. ಅದು ಸಾಧ್ಯವಿಲ್ಲದ್ದೇನಲ್ಲ. ಹಾಂಗ್‌ಕಾಂಗ್‌ನಲ್ಲಿ ರೈಲು ಕಂಪನಿಯು ಸರಕಾರದಿಂದ ಜಮೀನಿನ ಹಕ್ಕನ್ನು ರೈಲು ಬರುವ ಮೊದಲಿನ ಬೆಲೆಯ ಲೆಕ್ಕದಲ್ಲಿ ಪಡೆದು, ನಿಲ್ದಾಣದ ಮೇಲೆ ಎದ್ದ ಕಟ್ಟಡಗಳ ಲಾಭದ ಪಾಲಿನಿಂದ ಹಳಿಯ ಖರ್ಚನ್ನು ತೂಗಿಸಿಕೊಳ್ಳುತ್ತದೆ. ಹಾಗೆ ಬಂದ ಹಣ ಅಲ್ಲಿನ ಮನೆಗಳನ್ನು ಅಗ್ಗಗೊಳಿಸಲಿಲ್ಲ, ಅದು ಬೇರೆ ಮಾತು. ಏರಿಕೆಯ ಲಾಭವನ್ನು ಸಾರ್ವಜನಿಕ ಕೆಲಸಕ್ಕೆ ತಿರುಗಿಸಬಹುದೆಂಬುದಂತೂ ಅದರಿಂದ ತಿಳಿಯುತ್ತದೆ. ಇದರಿಂದ ಹೊಸ ಕಟ್ಟಡ ಕಟ್ಟುವವರು ಹಿಂಜರಿದಾರೆಂಬ ಭಯವಿದ್ದರೆ ಹೊಸ ಕಟ್ಟಡಗಳನ್ನು ಮಿತಿಯಿಂದ ಹೊರಗಿಡಿ. ನಾನು ಮಾತನಾಡುತ್ತಿರುವುದು ಆಗಲೇ ಅಲ್ಲಿದ್ದ ಗೋಡೆಗಳ ಬಗ್ಗೆ, ಆಗಲೇ ಅವುಗಳ ಒಳಗಿದ್ದ ಜನರ ಬಗ್ಗೆ.

ಕಾನೂನುಗಳಿಗೆ ಸಮಯ ಹಿಡಿಯುತ್ತದೆಂದು ನನಗೆ ಗೊತ್ತು. ಯಾವ ಕಾನೂನೂ ಬೇಕಿಲ್ಲದ, ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಮೊದಲ ಮನೆಯಲ್ಲಿದ್ದಾಗ ನೀರಿನ ದೂರು ಕೊಡಲು ನಮ್ಮ ವಾರ್ಡ್ ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ನನ್ನ ದೂರನ್ನು ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕವೊಂದರಲ್ಲಿ ಬರೆದುಕೊಂಡರು: ದಿನಾಂಕ, ಬೀದಿ, ಪಂಪು ಕಳುಹಿಸಿದ ಸಮಯ, ಪಂಪು ಮರಳಿದ ಸಮಯ. ಅವರು ಚಹಾಕ್ಕೆಂದು ಎದ್ದು ಹೋದಾಗ ನಾನು ಹಿಂದಿನ ಹಾಳೆಗಳನ್ನು ತಿರುವಿದೆ. ಅವೇ ಹನ್ನೊಂದು ಬೀದಿಗಳ ಹೆಸರು, ವರ್ಷದಿಂದ ವರ್ಷಕ್ಕೆ, ಬೇರೆ ಬೇರೆ ಕೈಬರಹಗಳಲ್ಲಿ. ನನ್ನ ಬೀದಿಯ ಹೆಸರು ನಾನು ಬರುವುದಕ್ಕೆ ಒಂಬತ್ತು ವರ್ಷ ಮೊದಲಿನಿಂದಲೂ ಅಲ್ಲಿತ್ತು. ಮಳೆಗಾಲದಲ್ಲಿ ಪಂಪು ಕಳುಹಿಸುವ ಪ್ರತಿಯೊಂದು ವಾರ್ಡಿನಲ್ಲೂ ಅಂಥ ಪುಸ್ತಕ ಇದ್ದೇ ಇರಬೇಕು. ಉಪಗ್ರಹದ ಚಿತ್ರ ಬೇಡ, ಸಲಹೆಗಾರ ಸಂಸ್ಥೆ ಬೇಡ, ಟೆಂಡರು ಬೇಡ. ಆ ಪುಸ್ತಕದ ಕಳೆದ ಹತ್ತು ವರ್ಷಗಳ ಹಾಳೆಗಳನ್ನು ನಕಲು ಮಾಡಿಸಿ ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸಿ, ಪಾಲಿಕೆಯ ಜಾಲತಾಣದಲ್ಲೂ ಹಾಕಿಸಿ. ಮುಂದಿನ ಮಳೆಗಾಲ ಶುರುವಾಗುವ ಮುನ್ನ ಅದು ಆಗುತ್ತದೆಯೇ ಇಲ್ಲವೇ, ಇಲ್ಲವಾದರೆ ಯಾಕಿಲ್ಲ ಎಂಬುದಕ್ಕೆ ಲಿಖಿತ ಉತ್ತರವನ್ನು ಕೋರುತ್ತೇನೆ.

ಇಂತಿ,
ನಾಲ್ಕನೆಯ ಮನೆ ಹುಡುಕುತ್ತಿರುವ ಒಬ್ಬ ಬಾಡಿಗೆದಾರ